ಗುರಿ ಮುಟ್ಟಿದ ಮೇಲೆ ಉಳಿಯುವ ಕೆಲಸ

ವಿಜಯನಗರದ ಪಿ.ಜಿ.ಗಳಲ್ಲಿ ಕುಳಿತು ಕೆ.ಎ.ಎಸ್. ಪರೀಕ್ಷೆಗೆ ಓದುವವರ ಗೋಡೆಯ ಮೇಲೆ ಸಾಮಾನ್ಯವಾಗಿ ವಿವೇಕಾನಂದರಿರುತ್ತಾರೆ. ಕ್ರೈಸ್ತರ ಮನೆಯ ಮಕ್ಕಳಾದರೆ ಸಂತ ಪೌಲನ ಮಾತೂ ಇರುತ್ತದೆ: ಬಲ ಕೊಡುವವನೊಬ್ಬನಿರುವಾಗ ತನ್ನಿಂದ ಆಗದ್ದು ಯಾವುದೂ ಇಲ್ಲ ಎಂಬರ್ಥದ್ದು. ಪ್ರಿಲಿಮ್ಸ್ ದಿನ ಓದಿಕೊಂಡು ಹೊರಡಲು ಒಳ್ಳೆಯ ಮಾತೇ. ಆದರೆ ಫಿಲಿಪ್ಪಿಯವರಿಗೆ ಬರೆದ ಆ ಪತ್ರದಲ್ಲಿ ಅದರ ಹಿಂದಿನ ಸಾಲುಗಳನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ. ಉಂಡಾಗಲೂ ಹಸಿದಾಗಲೂ ಒಂದೇ ಸಮ ಇರುವುದನ್ನು ಕಲಿತೆ ಎಂದು ಪೌಲ ಅಲ್ಲಿ ಹೇಳುತ್ತಿದ್ದಾನೆ, ಅದೂ ಸೆರೆಯಲ್ಲಿದ್ದುಕೊಂಡು. ಗೆದ್ದೇ ಗೆಲ್ಲುತ್ತೇನೆ ಎಂಬ ಭರವಸೆ ಆ ಸಾಲುಗಳಲ್ಲಿಲ್ಲ. ಸೋತರೂ ಕಂಗೆಡುವುದಿಲ್ಲ ಎಂಬುದಿದೆ. ಅದೇ ಪತ್ರದಲ್ಲಿ ಗುರಿಯತ್ತ ಓಡುವವನ ಚಿತ್ರವೂ ಬರುತ್ತದೆ, ನಿಜ. ಆದರೆ ಆ ಓಟದ ಫಲಿತಾಂಶ ಯಾವ ಆಯೋಗದ ಪಟ್ಟಿಯಲ್ಲೂ ಪ್ರಕಟವಾಗುವಂಥದ್ದಲ್ಲ.

ಗುರಿಯ ಮೇಲೆ ಕಣ್ಣಿಡುವುದೂ ವಿಶ್ವಾಸದಲ್ಲಿ ನಿಲ್ಲುವುದೂ ಒಂದೇ ಎಂದು ನಾವು ನಂಬಿಬಿಟ್ಟಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಗುರಿಗೆ ಗಡುವಿದೆ. ಮುಟ್ಟಿದರೂ ಅದು ಮುಗಿಯಿತು, ತಪ್ಪಿದರೂ ಮುಗಿಯಿತು. ಮುಗಿದ ಮೇಲೂ ಉಳಿಯುವ ಕೆಲಸಕ್ಕೆ ಬೇಕಾಗುವ ಬಲ ಬೇರೆಯದು.

ವಿಜಯನಗರದಿಂದ ಹೆಚ್ಚು ದೂರವಿಲ್ಲದ, ಮಾಗಡಿ ರಸ್ತೆಯ ಸುಮನಹಳ್ಳಿಯನ್ನು ನೋಡಿ. ರಿಂಗ್ ರೋಡಿನಲ್ಲಿ ಓಡಾಡುವವರಿಗೆ ಅದೊಂದು ಬಸ್ ಸ್ಟಾಪು, ಒಂದು ಬ್ರಿಡ್ಜು, ಸಂಜೆಯ ಟ್ರಾಫಿಕ್ಕು. ಆದರೆ ಅದೇ ಹೆಸರಿನ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರವೂ ಅಲ್ಲೇ ಇದೆ. ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ರೋಗಿಗಳಿಗೊಂದು ನೆಲೆ ಬೇಕೆಂದು 1970ರ ದಶಕದ ಕೊನೆಯಲ್ಲಿ ಸರ್ಕಾರ ಕೇಳಿಕೊಂಡಾಗ ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ ಅದನ್ನು ಆರಂಭಿಸಿತು. ಮುಂದೆ ಕ್ಲರೀಷಿಯನ್ ಸಭೆಯ ಗುರುಗಳು ನಡೆಸಿಕೊಂಡು ಬಂದರು.

1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದಿತು. ರೋಗದ ಬಗೆ ನೋಡಿ ಆರು ತಿಂಗಳೋ ಒಂದು ವರ್ಷವೋ ಮಾತ್ರೆ ನುಂಗಿದರೆ ಗುಣ. 2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿಯಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತೆಂದು ಘೋಷಣೆಯೂ ಆಯಿತು. ಸಣ್ಣ ಸಾಧನೆಯಲ್ಲ ಅದು. ಗುರಿ ಇಟ್ಟುಕೊಂಡು ದುಡಿದದ್ದರಿಂದಲೇ ಆದದ್ದು.

ಆದರೆ ಮಾತ್ರೆ ಕೊಲ್ಲುವುದು ರೋಗಾಣುವನ್ನು. ಸತ್ತ ನರವನ್ನು ಅದು ಬದುಕಿಸಲಾರದು. ಗುಣವಾದವನ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಬಿಸಿ ಲೋಟ ಹಿಡಿದ ಬೆರಳು ಸುಟ್ಟರೂ ತಿಳಿಯುವುದಿಲ್ಲ. ಹಾಗಾಗಿ ಅವನು ದಿನಾ ಪಾದವನ್ನು ನೀರಿನಲ್ಲಿ ನೆನೆಸಬೇಕು, ಗಟ್ಟಿಯಾದ ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು, ತೇವ ಆರುವ ಮುನ್ನ ಎಣ್ಣೆ ಸವರಬೇಕು. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿದು ನೋಡಬೇಕು. ಹಾಕಿಕೊಳ್ಳಬೇಕಾದ್ದು ಮೊಳೆಯಿಲ್ಲದ, ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ. ಒಂದು ವಾರ ಬೇಸರಿಸಿ ಬಿಟ್ಟರೆ ಹುಣ್ಣು. ಈ ಸಾಧನೆಗೆ ರ‍್ಯಾಂಕಿಲ್ಲ. ನಲವತ್ತು ವರ್ಷ ತಪ್ಪದೆ ಮಾಡಿದರೆ ಸಿಗುವ ಫಲ, ಇದ್ದ ಕಾಲು ಇದ್ದ ಹಾಗೇ ಇರುವುದು.

ನೋವು ಹೇಳಬೇಕಾದ್ದನ್ನು ಕಣ್ಣು ಹುಡುಕಿ ಕಂಡುಕೊಳ್ಳಬೇಕು. ಏಕಾಗ್ರತೆ ಎಂದರೆ ನನಗೆ ಈಗ ನೆನಪಾಗುವುದು ಇದೇ.

ಲೂಕನ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗವಿದೆ. ಹತ್ತೂ ಜನ ಗುಣವಾದರು. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿಟ್ಟಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದುಂಟು. ಅವರ ಮೈಗೆ ರೋಗ ಮರಳಿತೆಂದು ಮಾತ್ರ ಕಥೆ ಹೇಳುವುದಿಲ್ಲ. ಕೃತಜ್ಞತೆಯನ್ನೋ ಮತಾಂತರವನ್ನೋ ಗುರಿಯಾಗಿಟ್ಟುಕೊಂಡ ಸೇವೆ ಈ ಒಂಬತ್ತು ಮಂದಿಯನ್ನು ನಷ್ಟದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಕ್ರೈಸ್ತ ಸೇವೆಯ ಮೇಲೆ ನಮ್ಮಲ್ಲಿ ಅನುಮಾನವಿದೆ. ಎಲ್ಲ ಕಡೆಯೂ ಅದು ಆಧಾರವಿಲ್ಲದ್ದು ಎನ್ನಲಾರೆ. ಆ ಅನುಮಾನಕ್ಕೆ ಒಳ್ಳೆಯ ಉತ್ತರ ಇರುವುದು ಈ ಕಥೆಯಲ್ಲೇ.

ಇಂಥ ಸೇವೆಗೆ ವಿಶ್ವಾಸವೇ ಯಾಕೆ ಬೇಕು ಎಂದು ಕೇಳಬಹುದು. ಬಾಬಾ ಆಮ್ಟೆ ಕುಷ್ಠರೋಗಿಗಳಿಗಾಗಿ ಆನಂದವನ ಕಟ್ಟಿದ್ದು ಶಿಲುಬೆಯ ಬಲದಿಂದಲ್ಲ. ಒಪ್ಪಿದೆ. ಪಟ್ಟುಹಿಡಿದು ನಿಲ್ಲುವ ಗುಣ ಯಾವ ಮತದ ಖಾಸಗಿ ಸ್ವತ್ತೂ ಅಲ್ಲ. ಕ್ರೈಸ್ತ ವಿಶ್ವಾಸ ಇಲ್ಲಿ ಕೊಡುವುದು ಒಂದು ಸಲಿಗೆ ಮಾತ್ರ: ಫಲ ಕಾಣದ ದಿನವೂ ಕೆಲಸಕ್ಕೆ ಅರ್ಥವಿದೆ ಎಂದುಕೊಳ್ಳುವ ಸಲಿಗೆ. ಇದರಲ್ಲೂ ಅಪಾಯವಿದೆ. ಉದ್ದೇಶ ತೀರಿದ ಮೇಲೂ ಕಟ್ಟಡಕ್ಕಾಗಿ ಬದುಕುವ ಸಂಸ್ಥೆಗಳು ಊರ ತುಂಬ ಇವೆ. ಅವೂ ತಮ್ಮ ಜಡತೆಯನ್ನು ನಿಷ್ಠೆ ಎಂದೇ ಕರೆದುಕೊಳ್ಳುತ್ತವೆ. ಎರಡನ್ನೂ ಬೇರ್ಪಡಿಸಲು ನನಗೆ ತೋಚುವ ದಾರಿ ಒಂದೇ, ಬಾಗಿಲಿಗೆ ಈಗಲೂ ಯಾರು ಬರುತ್ತಿದ್ದಾರೆ ಎಂದು ನೋಡುವುದು.

ಬರುವವರು ನಿಂತಿಲ್ಲ. ಘೋಷಣೆಯಾದ ಮೇಲೆ ಹುಡುಕುವುದು ಸಡಿಲವಾಯಿತು. 2016ರಲ್ಲಿ ಸರ್ಕಾರವೇ ಮನೆಮನೆಗೆ ಹೋಗಿ ರೋಗಿಗಳನ್ನು ಪತ್ತೆಹಚ್ಚುವ ಅಭಿಯಾನ ನಡೆಸಬೇಕಾಯಿತು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಕಾನೂನು ಬದಲಾದದ್ದು 2019ರಲ್ಲಿ, ಗುರಿ ಮುಟ್ಟಿದೆವೆಂದು ಸಾರಿ ಹದಿಮೂರು ವರ್ಷಗಳ ಮೇಲೆ. ಸುಮನಹಳ್ಳಿಯ ಮಗ್ಗುಲಲ್ಲೇ ಇರುವ ಕಾಮಾಕ್ಷಿಪಾಳ್ಯದ ವಠಾರದಲ್ಲಿ ಯಾರದೋ ಬೆನ್ನ ಮೇಲೆ ಮಾಸಲು ಬಣ್ಣದ ಮಚ್ಚೆ ಎದ್ದರೆ ಅದು ತುರಿಸುವುದಿಲ್ಲ, ನೋಯುವುದೂ ಇಲ್ಲ. ಶಿಫ್ಟು ತಪ್ಪಿಸಿಕೊಂಡು ಆಸ್ಪತ್ರೆಗೆ ಹೋಗಲು ಅವನಿಗೆ ಕಾರಣವೇ ಇರುವುದಿಲ್ಲ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅಂಗಿ ತೆಗೆಸಿ ಬೆನ್ನು ನೋಡುವವರು ಬೇಕು.