ಇಂದಿನ ಧಮ್ಮ ಚಿಂತನೆ: ಕೇಳದಿದ್ದರೆ ಹೇಳಬೇಕಿಲ್ಲವೇ?



ನನ್ನದು ಇಪ್ಪತ್ತು ವರ್ಷದ ಹಳೇ ಕಾರು. ಬೀಚನಹಳ್ಳಿಯಿಂದ ಮೈಸೂರಿಗೆ ಹೊರಟರೆ ದಾರಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ನಿಲ್ಲಿಸಿ, ಇಂಜಿನ್ ತಣ್ಣಗಾದ ಮೇಲೆ ನೀರು ತುಂಬಿಸಿ ಹೊರಡುತ್ತಿದ್ದೆ. ಹೀಗೇ ಮೂರು ತಿಂಗಳು. ಮಳೆಗಾಲದಲ್ಲಿ ಕಬಿನಿ 2284 ಅಡಿ ಮುಟ್ಟಿತೇ ಎಂದು ದಿನಾ ವಿಚಾರಿಸುವ ನಾನು, ಬಾನೆಟ್ ಒಳಗಿನ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ. ಯಾರೋ ನಿಂಬೆಹಣ್ಣು ಕಟ್ಟು ಎಂದರು. ನಕ್ಕೆ. ಆದರೆ ಕಾರಣ ಹುಡುಕದೆ ನೀರು ತುಂಬಿಸುತ್ತಿದ್ದ ನನ್ನದೂ ನಿಂಬೆಹಣ್ಣಿನ ಕೆಲಸವೇ.

ಕೊನೆಗೆ ಮಾರಲು ನಿಂತೆ. ಕೊಳ್ಳಲು ಬಂದವನು ನಮ್ಮ ಕೇರಿಯ ಹುಡುಗ. ವಾರಕ್ಕೆ ಎರಡು ಸಲ ತಾಯಿಯನ್ನು ಡಯಾಲಿಸಿಸ್‌ಗೆ ಮೈಸೂರಿಗೆ ಕರೆದೊಯ್ಯಬೇಕು ಅವನು. "ರೇಡಿಯೇಟರ್‌ಗೆ ಸೋರಿಕೆ ಮುಚ್ಚೋ ಪುಡಿ ಹಾಕು, ಒಂದು ತಿಂಗಳು ತಡೀತದೆ. ಅವನೇನು ಕೇಳಿದ್ನಾ?" ಎಂದರು ಪರಿಚಯದವರು. ನಿಜ, ಅವನು ಕೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹ್ಯಾಂಡ್‌ಪೋಸ್ಟ್‌ನ ಮೆಕ್ಯಾನಿಕ್ ಹತ್ತಿರ ಹೋದೆ. ಆಯಿಲ್ ಕಡ್ಡಿ ಎಳೆದು ನೋಡಿದ. ಎಣ್ಣೆ ಹಾಲುಬಣ್ಣಕ್ಕೆ ತಿರುಗಿರಲಿಲ್ಲ. ಒಳಗಿನ ಮ್ಯಾಟ್ ಮುಟ್ಟಿ ನೋಡಿದ, ಒದ್ದೆಯಿಲ್ಲ. ತಣ್ಣಗಿದ್ದ ರೇಡಿಯೇಟರ್ ಮುಚ್ಚಳ ತೆಗೆದು ಕೈಪಂಪು ಕೂರಿಸಿ ಒತ್ತಿದ. ಒತ್ತಡದ ಮುಳ್ಳು ಮೆಲ್ಲಗೆ ಇಳಿಯಿತು. ವಾಟರ್ ಪಂಪ್ ಅಡಿಯ ಸಣ್ಣ ತೂತಿನಿಂದ ಒಂದು ಹನಿ ಬಿತ್ತು.

"ಅಣ್ಣ, ಒಳಗಿನ ಸೀಲ್ ಹೋದ್ರೆ ಗೊತ್ತಾಗ್ಲಿ ಅಂತ್ಲೇ ಈ ತೂತು ಇಟ್ಟಿರ್ತಾರೆ. ನಿಂತಾಗ ಸೋರಲ್ಲ, ಒತ್ತಡ ಬಿದ್ದಾಗ ಸೋರ್ತದೆ" ಎಂದ.

ಪಂಪ್ ಬದಲಾಯಿಸಿ, ಕೂಲೆಂಟ್ ತುಂಬಿ, ಮತ್ತೆ ಒತ್ತಿದ. ಈ ಸಲ ಮುಳ್ಳು ಕದಲಲಿಲ್ಲ.

ಬಂಧುಗಳೇ, ದುಃಖವಿದೆ, ಅದಕ್ಕೆ ಕಾರಣವಿದೆ, ಅದು ನಿಲ್ಲಬಲ್ಲದು, ನಿಲ್ಲಿಸುವ ದಾರಿಯಿದೆ. ಆ ಹುಡುಗ ಮಾಡಿದ್ದು ಇದನ್ನೇ. ಪುಡಿ ಮಾಡುವುದು ಬೇರೆ ಕೆಲಸ: ದುಃಖವನ್ನು ಮುಚ್ಚಿ ಮುಂದಿನವನ ತಲೆಗೆ ಕಟ್ಟುತ್ತದೆ.

ಭಾನುವಾರ ಅಧ್ಯಯನಕ್ಕೆ ಕೂತಾಗ ನನ್ನ ಶೀಲ ಸೋರುವುದಿಲ್ಲ. ಕೆಲವು ಸಾವಿರ ರೂಪಾಯಿಯ ಒತ್ತಡ ಬಿದ್ದಾಗ ಸೋರತೊಡಗಿತು. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡುವುದಿಲ್ಲ ಎಂಬುದೂ ಒಂದು. ಯಾರೂ ಕೇಳದಿದ್ದರೆ ಮುಚ್ಚಿಡಬಹುದು ಎಂಬ ವಿನಾಯಿತಿ ಅದರಲ್ಲಿಲ್ಲ. ತಿಳಿಯಬೇಕಾದ್ದನ್ನು ನಮ್ಮಿಂದ ಬಚ್ಚಿಟ್ಟೇ ಅಲ್ಲವೇ ತಲೆತಲಾಂತರ ನಮ್ಮನ್ನು ಕೆಳಗಿಟ್ಟದ್ದು? ಅದೇ ಕೆಲಸವನ್ನು ನಮ್ಮ ಕೇರಿಯ ಹುಡುಗನಿಗೆ ನಾನು ಮಾಡಲು ಹೊರಟಿದ್ದೆ.

ಹಳೇ ಪಂಪ್ ತೋರಿಸಿ, ಕಾರು ಮೂರು ತಿಂಗಳು ಬಿಸಿಯಾಗಿದ್ದನ್ನೂ ಹೇಳಿದೆ. ಅವನು ಬೆಲೆ ಇಳಿಸಿ ಕೇಳಿದ. ಕೊಟ್ಟೆ.

ಇಂದು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಯಾರೂ ಕೇಳಿಲ್ಲವೆಂದು ನಾನು ಹೇಳದೆ ಉಳಿಸಿಕೊಂಡಿರುವುದು ಏನು? ಅದರಿಂದ ನಡುದಾರಿಯಲ್ಲಿ ನಿಲ್ಲುವವರು ಯಾರು?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.