ಉಸಿರಿನ ಹೊಣೆಯೂ ಸೇವೆಯ ಗಡಿಯೂ

ಒಬ್ಬರ ಉಸಿರಾಟವು ಇನ್ನೊಬ್ಬರ ಸ್ವತ್ತಾದ ಯಂತ್ರವನ್ನು ನಂಬಿಕೊಂಡಿರುವಾಗ, ಯಂತ್ರದ ಒಡೆತನವುಳ್ಳವರ ಕರ್ತವ್ಯವು ಬಾಡಿಗೆಯ ಲೆಕ್ಕಕ್ಕೆ ಮುಗಿಯುತ್ತದೆಯೇ ಅಥವಾ ರೋಗಿಯು ಊರು ಬಿಟ್ಟರೂ ಉಳಿಯುತ್ತದೆಯೇ ಎಂಬುದು ನೀತಿಶಾಸ್ತ್ರದ ಪ್ರಶ್ನೆ. ಅಮೆರಿಕದ ಮೆಡಿಕೇರ್‌ನಲ್ಲಿ, ಅಂದರೆ ಮುಖ್ಯವಾಗಿ 65 ವರ್ಷ ದಾಟಿದವರಿಗಾಗಿ 1965ರ ಕಾನೂನಿನಿಂದ ರೂಪುಗೊಂಡ ಸರ್ಕಾರಿ ಆರೋಗ್ಯ ವಿಮೆಯಲ್ಲಿ, ಈ ಪ್ರಶ್ನೆ ದಿನನಿತ್ಯದ ನಿಯಮವಾಗಿ ಎದುರಾಗುತ್ತದೆ.

ಶ್ವಾಸಕೋಶದ ಕಾಯಿಲೆಯವರ ಮನೆಯಲ್ಲಿರುವ ಆಕ್ಸಿಜನ್ ಕಾನ್ಸಂಟ್ರೇಟರ್ ಎಂಬ ಯಂತ್ರವು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಜಿಯೊಲೈಟ್ ಎಂಬ ಖನಿಜದ ಹರಳುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು, ಉಳಿದ ಆಮ್ಲಜನಕವನ್ನು ಸಣ್ಣ ನಳಿಕೆಯ ಮೂಲಕ ಮೂಗಿಗೆ ತಲುಪಿಸುತ್ತದೆ. ಸಾಮಾನ್ಯ ಗಾಲಿಕುರ್ಚಿಯು 13 ತಿಂಗಳ ಬಾಡಿಗೆಯ ನಂತರ ರೋಗಿಯದೇ ಆಗುತ್ತದೆ; ಈ ಯಂತ್ರ ಹಾಗಲ್ಲ. ಇದರ ಬಾಡಿಗೆ 36 ತಿಂಗಳಿಗೆ ನಿಲ್ಲುತ್ತದೆ, ಬಾಳಿಕೆಯನ್ನು ಐದು ವರ್ಷವೆಂದು ಎಣಿಸಿರುವುದರಿಂದ ಉಳಿದ 24 ತಿಂಗಳು ಪೂರೈಕೆ ಸಂಸ್ಥೆಯು ಯಂತ್ರಕ್ಕೆ ಬಾಡಿಗೆಯಿಲ್ಲದೆಯೇ ಸೇವೆ ಮುಂದುವರಿಸಬೇಕು, ಮತ್ತು ಆ ಅವಧಿಯಲ್ಲಿ ರೋಗಿಯು ದೂರದ ಊರಿಗೆ ಹೋದರೆ ಅಲ್ಲಿಯೂ ತಾನೇ ಒದಗಿಸಬೇಕು, ಇಲ್ಲವೇ ಬೇರೊಂದು ಸಂಸ್ಥೆಯಿಂದ ಒದಗಿಸುವ ಏರ್ಪಾಡು ಮಾಡಬೇಕು.

ಆದರೆ 36 ತಿಂಗಳು ತುಂಬುವ ಮೊದಲೇ ರೋಗಿಯು ಸಂಸ್ಥೆಯ ಸೇವಾವ್ಯಾಪ್ತಿಯ ಆಚೆಗೆ ವಾಸ ಬದಲಿಸಿದರೆ ಈ ಕಟ್ಟು ಸಡಿಲವಾಗುತ್ತದೆ. ಹೊಸ ಸಂಸ್ಥೆ ಬಂದ ಮಾತ್ರಕ್ಕೆ ತಿಂಗಳ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವುದೂ ಇಲ್ಲ. 34ನೆಯ ತಿಂಗಳು ಮುಗಿಸಿ ಹೊರಟ ರೋಗಿಯನ್ನು ಒಪ್ಪಿಕೊಳ್ಳುವ ಸಂಸ್ಥೆಗೆ ಸಿಗುವುದು ಎರಡು ತಿಂಗಳ ಬಾಡಿಗೆ, ಅದರ ಬೆನ್ನಿಗೇ ವರ್ಷಗಟ್ಟಲೆಯ ಹೊಣೆ. ಅದು ಹಿಂಜರಿದರೆ ಆಶ್ಚರ್ಯವಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರ ತನ್ನ ನೀತಿಗ್ರಂಥದಲ್ಲಿ ಕರ್ತವ್ಯಗಳನ್ನು ಪೂರ್ಣ ಮತ್ತು ಅಪೂರ್ಣ ಎಂದು ವಿಂಗಡಿಸಿದ್ದಾನೆ: ಕೊಟ್ಟ ಮಾತನ್ನು ಉಳಿಸಿಕೊಳ್ಳುವಂತಹ, ಇಷ್ಟಾನಿಷ್ಟಕ್ಕೆ ಎಡೆಗೊಡದ ಕರ್ತವ್ಯ ಪೂರ್ಣ, ಯಾರಿಗೆ, ಎಷ್ಟು ಎಂಬುದರಲ್ಲಿ ಆಯ್ಕೆಗೆ ಅವಕಾಶವಿರುವ ಪರೋಪಕಾರದಂತಹದು ಅಪೂರ್ಣ. ಹೊಸ ಊರಿನ ಪ್ರತಿಯೊಂದು ಸಂಸ್ಥೆಯೂ ತನ್ನ ನೆರವು ಅಪೂರ್ಣ ಕರ್ತವ್ಯವೆಂದು ನ್ಯಾಯವಾಗಿಯೇ ವಾದಿಸಬಹುದು, ಮತ್ತು ಎಲ್ಲರೂ ಹಾಗೆಯೇ ವಾದಿಸಿದಾಗ ಯಾರೊಬ್ಬರೂ ತಪ್ಪಿತಸ್ಥರಾಗದೆಯೇ ರೋಗಿಯು ಉಸಿರಿಗಾಗಿ ಪರದಾಡಬೇಕಾಗುತ್ತದೆ. ಮೊದಲ ಸಂಸ್ಥೆಗೆ ಮಾತ್ರ ಈ ಸಮಾಧಾನ ಸಲ್ಲದು, ಏಕೆಂದರೆ ತನ್ನನ್ನು ನೆಚ್ಚಿಕೊಳ್ಳುವಂತೆ ರೋಗಿಯನ್ನು ಒಪ್ಪಿಕೊಂಡದ್ದು ಅದೇ. ಮನುಷ್ಯನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಲ್ಲಿಸಬೇಕಾದ ಮೂರು ಋಣಗಳ ಕುರಿತು ವೈದಿಕ ಪರಂಪರೆಯಲ್ಲಿ ಬೆಳೆದುಬಂದ ವಿಚಾರವೂ ಇದೇ ದಿಕ್ಕಿನದು: ಯಾವ ಕರಾರಿಗೂ ಸಹಿ ಹಾಕದಿದ್ದರೂ, ಪಡೆದದ್ದರಿಂದಲೇ ಹೊಣೆ ಹುಟ್ಟುತ್ತದೆ. ಹಾಗೆ ನೋಡಿದರೆ 34 ತಿಂಗಳ ಬಾಡಿಗೆ ಪಡೆದ ಸಂಸ್ಥೆಯು ಸಾಲಗಾರನ ಸ್ಥಾನದಲ್ಲಿದೆ.

ಸಣ್ಣ ಅಂಗಡಿಯೊಂದು ಸಾವಿರ ಮೈಲಿ ದೂರಕ್ಕೆ ಸೇವೆ ಕೊಡುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ, ಏಕೆಂದರೆ ಅಸಾಧ್ಯವಾದದ್ದನ್ನು ಕರ್ತವ್ಯವೆನ್ನಲಾಗದು. ಆದರೆ ಇಲ್ಲಿ ಕೇಳುತ್ತಿರುವುದು ಯಂತ್ರವನ್ನು ಹೊತ್ತು ತಿರುಗುವುದನ್ನಲ್ಲ. ಇನ್ನೊಬ್ಬರು ಒಪ್ಪಿಕೊಳ್ಳುವವರೆಗೆ ಕೈಬಿಡದಿರುವುದನ್ನು. ಅದರ ಖರ್ಚಿನಲ್ಲಿ, ಎಣಿಕೆಯ ನಿಯಮ ರೂಪಿಸಿದ ಸರ್ಕಾರಕ್ಕೂ ಪಾಲಿರಲೇಬೇಕು.

ಐದು ವರ್ಷ ಕಾಯಂ ನಿವಾಸಿಗಳಾಗಿದ್ದು, ಕಂತು ಕಟ್ಟಿ ಮೆಡಿಕೇರ್ ಸೇರಿ, ಮಗನ ಮನೆಯಿಂದ ಇನ್ನೊಂದು ರಾಜ್ಯದ ಮಗಳ ಮನೆಗೆ ಹೋಗುವ ಕನ್ನಡಿಗ ಹಿರಿಯರಿಗೂ ಇದು ಅನ್ವಯಿಸುತ್ತದೆ. ತಮ್ಮ ಆಮ್ಲಜನಕದ ಸಿಲಿಂಡರನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲವಾದ್ದರಿಂದ ಪ್ರಯಾಣದ ದಿನವೇ ಕಷ್ಟ ಎದುರಾಗಬಹುದು. 36 ತಿಂಗಳ ನಂತರಕ್ಕೆ ವಿಧಿಸಿರುವ ಏರ್ಪಾಡಿನ ಹೊಣೆಯನ್ನು ಮೊದಲ ತಿಂಗಳಿನಿಂದಲೇ ವಿಧಿಸುವುದು ನ್ಯಾಯ. ಅದಾಗುವವರೆಗೆ, ಹೊಸ ಊರಿನಲ್ಲಿ ಯಂತ್ರವನ್ನು ಯಾರು, ಎಂದು ತಲುಪಿಸುತ್ತಾರೆ ಎಂಬುದನ್ನು ಮನೆಯವರು ಹೊರಡುವ ಮೊದಲೇ ಲಿಖಿತವಾಗಿ ಪಡೆದಿರಬೇಕು.