ಜಲಪಾತದ ಹಾದಿಯಲ್ಲಿ ಯತ್ನಾಚಾರ

ಕೆರೆಬಿಳಚಿ, ಚನ್ನಗಿರಿಗಳ ಕಡೆಯಿಂದ ಶಿವಮೊಗ್ಗ, ತೀರ್ಥಹಳ್ಳಿಗಳ ಮಾರ್ಗವಾಗಿ ಕುಂದಾದ್ರಿಯ ಪಾರ್ಶ್ವನಾಥಸ್ವಾಮಿಯ ದರ್ಶನಕ್ಕೆ ತೆರಳುವವರು ಆಗುಂಬೆಯ ಜೋಗಿಗುಂಡಿ ಜಲಪಾತವನ್ನೂ ನೋಡಿ ಬರಲು ಬಯಸುವುದು ಸಹಜ. ಬೆಟ್ಟದ ಮೇಲೆ ಭಕ್ತಿ, ಕಾಡಿನೊಳಗೆ ವಿಹಾರ. ಈ ವಿಹಾರವು ಶ್ರಾವಕನಿಗೆ ಉಚಿತವೇ?

ಪ್ರಶ್ನೆ ಕ್ಷುಲ್ಲಕವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ನೆಲ, ನೀರುಗಳನ್ನು ಕದಡುವುದು, ಗಿಡಮರಗಳನ್ನು ಕಡಿಯುವುದು ಇವುಗಳೊಡನೆ ವ್ಯರ್ಥ ಅಲೆದಾಟವನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಆದರೆ ವನ, ಜಲಗಳನ್ನು ಜೀವರಾಶಿಯೆಂದು ಅರಿತು ನಡೆಯುವ ನಡಿಗೆಯನ್ನು ವ್ಯರ್ಥವೆನ್ನಲಾಗದು. ಆ ಅರಿವಿನ ಪರೀಕ್ಷೆ ಹಾದಿಯಲ್ಲಿಯೇ ನಡೆಯುತ್ತದೆ.

ಮಳೆಗಾಲದಲ್ಲಿ ಈ ಕಾಡಿನ ಉಂಬಳಗಳು ಕಾಲಿಗೆ ಹತ್ತುತ್ತವೆ. ಉಪ್ಪು ಹಾಕಿದರೆ ಈ ದ್ವೀಂದ್ರಿಯ ಜೀವಿ ನರಳಿ ಸಾಯುತ್ತದೆ. ಇದು ಆತ್ಮರಕ್ಷಣೆಗಾಗಿ ಮಾಡಿದ ವಿರೋಧಿ ಹಿಂಸೆಯೆಂದು ಕೆಲವರು ಸಮಾಧಾನ ಹೇಳಬಹುದು. ಆದರೆ ಉಂಬಳದ ಕಡಿತದಿಂದ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಉಗುರಿನಿಂದ ಮೆಲ್ಲನೆ ಅದರ ಬಾಯಿಯ ಹಿಡಿತವನ್ನು ಸರಿಸಿದರೆ ಅದು ಬಿಡುತ್ತದೆ. ಬಿಡಿಸುವ ದಾರಿ ತಿಳಿದಿದ್ದೂ ಕೊಲ್ಲುವುದು ಸಂಕಲ್ಪಿ ಹಿಂಸೆಯೇ ಸರಿ. ಹಿರಿಯರ ಕೈಯಲ್ಲಿ ಉಪ್ಪಿದೆಯೋ, ಮನಸ್ಸಿನಲ್ಲಿ ತಾಳ್ಮೆಯಿದೆಯೋ ಎಂಬುದನ್ನು ಮಕ್ಕಳು ನೋಡುತ್ತಿರುತ್ತಾರೆ. ಅಹಿಂಸೆಯ ಪಾಠ ಅವರಿಗೆ ದೊರೆಯುವುದು ಅಲ್ಲಿಯೇ.

ಕಾಣದೆ ಕಾಲಡಿಗೆ ಸಿಕ್ಕ ಜೀವಿಯ ವಿಚಾರವೇನು? ಕುಂದಾದ್ರಿಯು ಕುಂದಕುಂದಾಚಾರ್ಯರ ತಪೋಭೂಮಿಯೆಂದು ಪ್ರತೀತಿ. ಹಿಂಸೆಯ ನಿರ್ಣಯಕ್ಕೆ ಜೀವಿಯ ಸಾವಿಗಿಂತ ನಡೆಯುವವನ ಅಜಾಗರೂಕತೆಯೇ ಮುಖ್ಯವೆಂಬುದು ಅವರ ಪ್ರವಚನಸಾರದ ತಾತ್ಪರ್ಯ. ಹೆಜ್ಜೆಯನ್ನು ನೋಡಿ ಇಡುವವನಿಗೆ ಜೋಗಿಗುಂಡಿಯ ಕಾಲುದಾರಿಯೂ ಯಾತ್ರೆಯ ಭಾಗ. ನೋಡದವನಿಗೆ ಕುಂದಾದ್ರಿಯ ಮೆಟ್ಟಿಲೂ ಅಲೆದಾಟವೇ.